ಮೂರು ಹೊತ್ತಿನ ಊಟದ ನಡುವೆ ಬರುವ ಅಪರೂಪದ ತುತ್ತು: ಒಂದು ಸಮಗ್ರ ಮಾರ್ಗದರ್ಶಿ

ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಹೊಟ್ಟೆ ತುಂಬ ಊಟ, ನಡುವೆ ಬಾಯಾಡಿಸುವುದಿಲ್ಲ. ನಾನು ಈ ಪದ್ಧತಿ ಹಿಡಿದು ನಾಲ್ಕು ವರ್ಷವಾಯಿತು. ಮನೆ ಕೊಪ್ಪಳದಲ್ಲಿ, ಕೆಲಸ ಹತ್ತಿರದ ಹಳ್ಳಿಯ ಪ್ರೌಢಶಾಲೆಯಲ್ಲಿ. ಸಾಮಾನ್ಯ ದಿನಗಳಲ್ಲಿ ಇದನ್ನು ನಡೆಸುವುದು ಅಂಥ ಕಷ್ಟವಲ್ಲ. ಮೊದಲ ಮೂರು ವಾರ ಸಂಜೆ ಐದರ ಹೊತ್ತಿಗೆ ಹೊಟ್ಟೆ ಚುರುಗುಟ್ಟುತ್ತದೆ, ಆಮೇಲೆ ಅದಕ್ಕೂ ಹೊತ್ತು ಗೊತ್ತಾಗುತ್ತದೆ.

ತೊಂದರೆ ಬರುವುದು ಅಪರೂಪದ ದಿನಗಳಲ್ಲಿ. ಜಾತ್ರೆಯ ದಾಸೋಹ, ನಡುದಾರಿಯಲ್ಲಿ ನಿಂತ ರೈಲು, ರಕ್ತದಾನದ ಶಿಬಿರ, ಸಾವಿನ ಮನೆ, ನಾಗರಪಂಚಮಿಯ ಉಂಡಿ. ಆ ದಿನ ಊಟಗಳ ನಡುವೆ ಒಂದು ತುತ್ತು ಬೀಳುತ್ತದೆ. ಬೀಳಲಿ, ಅದರಿಂದ ಏನೂ ಕೆಡುವುದಿಲ್ಲ. ಕೆಡಿಸುವುದು ಮರುದಿನದ ಮಾತು: "ಹೇಗೂ ನಿನ್ನೆ ತಪ್ಪಿತಲ್ಲ, ಇವತ್ತೊಂದು ದಿನ ಇರಲಿ." ನನ್ನ ಜೊತೆ ಈ ಪದ್ಧತಿ ಹಿಡಿದ ಆರೇಳು ಜನರಲ್ಲಿ ಬಿಟ್ಟವರೆಲ್ಲ ಇಂಥ ಮರುದಿನವೇ ಬಿಟ್ಟರು, ಹಸಿವು ತಾಳಲಾರದೆ ಬಿಟ್ಟವರು ಒಬ್ಬರೂ ಇಲ್ಲ. ಆದ್ದರಿಂದ ಅಪರೂಪದ ದಿನಕ್ಕೂ ಒಂದು ಕ್ರಮ ಬೇಕು. ವಿನಾಯಿತಿ ಸಂದರ್ಭಕ್ಕೆ ಸೇರಿದ್ದು, ಸಂದರ್ಭ ಮುಗಿದೊಡನೆ ಅದೂ ಮುಗಿಯಬೇಕು. ಅದನ್ನು ಸಾಧಿಸುವ ದಾರಿಯನ್ನು ನಾನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಹಂತ 1: ನಿಯಮವನ್ನು ಒಂದೇ ಸಾಲಿನಲ್ಲಿ ಬರೆದಿಡಿ

ನಿಯಮವೇ ಮಸುಕಾಗಿದ್ದರೆ ಯಾವುದು ವಿನಾಯಿತಿ ಎಂಬುದು ತಿಳಿಯುವುದಿಲ್ಲ. ನನ್ನ ಸಾಲು ಹೀಗಿದೆ: "ಕುಳಿತು, ತಟ್ಟೆಯಲ್ಲಿ ಬಡಿಸಿಕೊಂಡು, ಮೂರು ಊಟ. ನಡುವೆ ನೀರು, ಉಪ್ಪು ಹಾಕಿದ ತೆಳು ಮಜ್ಜಿಗೆ, ಎರಡು ಕಪ್ ಚಹಾ." ಇದನ್ನು ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನ ಪಕ್ಕದಲ್ಲಿ ಅಂಟಿಸಿದ್ದೇನೆ.

ಚಹಾದ ಬಗ್ಗೆ ಒಂದು ಮಾತು. ಚಹಾ ಪೂರ್ತಿ ಬಿಡಿ ಎನ್ನುವ ನಿಯಮ ನಮ್ಮ ಕಡೆ ಬಾಳಿಕೆ ಬರುವುದಿಲ್ಲ ಎಂಬುದು ನನ್ನ ಅನುಭವ. ಆದರೆ ಲೆಕ್ಕ ಬೇಕೇ ಬೇಕು. ಒಂದು ಕಪ್ಪಿಗೆ ಎರಡು ಚಮಚ ಸಕ್ಕರೆ ಎಂದರೆ ಸುಮಾರು 8ರಿಂದ 10 ಗ್ರಾಂ. ದಿನಕ್ಕೆ ಆರು ಕಪ್ ಕುಡಿದರೆ ಸುಮಾರು 50ರಿಂದ 60 ಗ್ರಾಂ ಸಕ್ಕರೆ ಗೊತ್ತಿಲ್ಲದೆ ಒಳಗೆ ಹೋಗುತ್ತದೆ. ನಾನು ಎರಡು ಕಪ್ಪಿಗೆ ನಿಲ್ಲಿಸಿದೆ. ಬೆಳಿಗ್ಗೆ ಏಳಕ್ಕೊಂದು, ಸಂಜೆ ನಾಲ್ಕೂವರೆಗೊಂದು. ಜೊತೆಗೆ ಬಿಸ್ಕತ್ತಾಗಲಿ ಟೋಸ್ಟ್ ಆಗಲಿ ಇಲ್ಲ.

ಇನ್ನೊಂದು ತೊಡಕು ನಮ್ಮ ಭಾಗದ್ದೇ. ಮಂಡಾಳಿನ (ಮಂಡಕ್ಕಿಯ) ಒಗ್ಗರಣೆ ಮತ್ತು ಮಿರ್ಚಿ ಬಜ್ಜಿ ಬೇರೆ ಊರುಗಳಲ್ಲಿ ಸಂಜೆಯ ತಿಂಡಿಯಾಗಿರಬಹುದು. ಬಳ್ಳಾರಿ, ಕೊಪ್ಪಳ, ರಾಯಚೂರುಗಳಲ್ಲಿ ಅದು ಬೆಳಗಿನ ಉಪಾಹಾರ. ಹಾಗಾದರೆ ಅದು ಊಟವೋ ಕುರುಕಲೋ ಎಂದು ನನ್ನನ್ನು ಎಷ್ಟೋ ಜನ ಕೇಳಿದ್ದಾರೆ. ಪದಾರ್ಥ ನೋಡಿ ತೀರ್ಮಾನಿಸಬೇಡಿ, ಹೊತ್ತು ನೋಡಿ. ಬೆಳಿಗ್ಗೆ ಎಂಟಕ್ಕೆ ತಟ್ಟೆ ಹಿಡಿದು ಕುಳಿತರೆ ಅದು ಊಟ. ಸಂಜೆ ಐದಕ್ಕೆ ಬಂಡಿಯ ಮುಂದೆ ನಿಂತರೆ ಅದೇ ಒಗ್ಗರಣೆ ಬಾಯಾಡಿಸುವ ತಿಂಡಿ.

ಹಂತ 2: ಈ ಪದ್ಧತಿ ನಿಮಗೆ ಹೊಂದುತ್ತದೆಯೇ ನೋಡಿಕೊಳ್ಳಿ

ಗರ್ಭಿಣಿಯರು, ಎದೆಹಾಲು ಕುಡಿಸುವ ತಾಯಂದಿರು, ಚಿಕ್ಕ ಮಕ್ಕಳು ಇದನ್ನು ಪಾಲಿಸಬಾರದು. ಮಗುವಿನ ಹೊಟ್ಟೆ ಚಿಕ್ಕದು, ಅದು ಮತ್ತೆ ಮತ್ತೆ ಉಣ್ಣಲೇಬೇಕು. ತೂಕ ಕಡಿಮೆ ಇರುವವರು, ಕ್ಷಯದ ಔಷಧಿಯಲ್ಲಿರುವವರು, ಹೊಟ್ಟೆಯ ಶಸ್ತ್ರಚಿಕಿತ್ಸೆ ಆದವರು ವೈದ್ಯರು ಹೇಳಿದ ಹಾಗೆ ನಡೆಯಲಿ. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್ ಥರದ ಮಾತ್ರೆ ತೆಗೆದುಕೊಳ್ಳುವವರು ವೈದ್ಯರೊಂದಿಗೆ ಮಾತನಾಡದೆ ಊಟದ ಹೊತ್ತು ಬದಲಿಸಲೇಬಾರದು.

ಇನ್ನು ಕೆಲವರು ಬಚ್ಚಿಟ್ಟುಕೊಂಡು ತಿನ್ನುತ್ತಾರೆ, ತಿಂದ ಮೇಲೆ ತಮ್ಮನ್ನು ತಾವೇ ಹಳಿದುಕೊಳ್ಳುತ್ತಾರೆ, ಒಂದು ದಿನ ಮಿತಿಮೀರಿ ತಿಂದು ಎರಡು ದಿನ ಉಪವಾಸ ಕೂರುತ್ತಾರೆ. ಅವರಿಗೆ ಯಾವ ಊಟದ ನಿಯಮವೂ ಒಳ್ಳೆಯದಲ್ಲ. ಅದಕ್ಕೆ ಚಿಕಿತ್ಸೆ ಇದೆ, ಮೊದಲು ಅದನ್ನು ಪಡೆಯಲಿ.

ಹಂತ 3: ಕೈ ಚಾಚುವ ಮುನ್ನ ಮೂರು ಪ್ರಶ್ನೆ

ನಡುಹೊತ್ತಿನಲ್ಲಿ ತಿನ್ನುವ ಪ್ರಸಂಗ ಬಂದಾಗ ಈ ಕ್ರಮದಲ್ಲೇ ಕೇಳಿಕೊಳ್ಳಿ. ಇದನ್ನು ದೇಹ ಬೇಡುತ್ತಿದೆಯೇ? ಮನುಷ್ಯರು ಪ್ರೀತಿಯಿಂದ ಕೊಡುತ್ತಿದ್ದಾರೆಯೇ? ಊಟದ ಹೊತ್ತು ಜಾರಿದೆಯೇ? ಮೊದಲನೆಯದಕ್ಕೆ ಹೌದು ಎಂದರೆ ತಕ್ಷಣ ತಿನ್ನಬೇಕು. ಎರಡನೆಯದಕ್ಕೆ ಹೌದು ಎಂದರೆ ಸ್ವೀಕರಿಸಬೇಕು, ಆದರೆ ಯಾವಾಗ ತಿನ್ನುವುದು ಎಂಬುದು ನಿಮ್ಮ ಕೈಯಲ್ಲಿದೆ. ಮೂರನೆಯದಾದರೆ ಊಟವನ್ನೇ ಸರಿಸಬೇಕು. ಮೂರಕ್ಕೂ ಇಲ್ಲ ಎಂದಾದರೆ ಅದು ಬರೀ ಆಸೆ. ಒಂದು ಲೋಟ ನೀರು ಕುಡಿದು ಎದ್ದು ಬೇರೆ ಕೆಲಸ ಹಿಡಿಯಿರಿ.

ಹಂತ 4: ದೇಹ ಬೇಡಿದಾಗ

ಇದನ್ನು ವಿವರವಾಗಿ ಬರೆಯಲು ಕಾರಣವಿದೆ. ನಮ್ಮ ಶಾಲೆಯಲ್ಲಿ ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಜವಾನರೊಬ್ಬರು ನನ್ನನ್ನು ನೋಡಿಯೇ ಈ ಪದ್ಧತಿ ಹಿಡಿದಿದ್ದರು. ಪರೀಕ್ಷೆಯ ದಿನಗಳು, ಹನ್ನೆರಡರ ಬಿಸಿಲು. ಉತ್ತರಪತ್ರಿಕೆಯ ಕಟ್ಟು ಕಟ್ಟುತ್ತಿದ್ದ ಅವರ ಬೆರಳು ದಾರದ ಗಂಟು ಹಾಕಲಾಗದೆ ನಡುಗುತ್ತಿತ್ತು. ಅಂಗಿಯ ಕೊರಳಪಟ್ಟಿ ಬೆವರಿಗೆ ಒದ್ದೆಯಾಗಿತ್ತು, ತುಟಿ ಬಿಳಿಚಿಕೊಂಡಿತ್ತು. ಸಕ್ಕರೆ ನೀರು ಕೊಡಲು ಹೋದರೆ, "ಬೇಡ ಮೇಡಂ, ಊಟಕ್ಕೆ ಇನ್ನೊಂದು ತಾಸಿದೆ, ನಿಯಮ ತಪ್ಪುತ್ತದೆ" ಎಂದರು. ಆ ಮಾತು ಕೇಳಿ ನನ್ನ ಕಣ್ಣಲ್ಲಿ ನೀರು ಬಂತು. ನಿಯಮ ಹೇಳಿಕೊಟ್ಟ ನಾನು ಅದನ್ನು ಯಾವಾಗ ಬಿಡಬೇಕೆಂದು ಹೇಳಿಕೊಟ್ಟಿರಲಿಲ್ಲ. ಅವರು ಗ್ಲಿಮೆಪಿರೈಡ್ ಮಾತ್ರೆ ನುಂಗುತ್ತಿದ್ದ ವಿಷಯ ಆಮೇಲೆ ತಿಳಿಯಿತು. ವೈದ್ಯರು ಮಾತ್ರೆಯ ಪ್ರಮಾಣ ಬದಲಿಸಿದರು, ಹನ್ನೊಂದಕ್ಕೆ ಒಂದು ಚಿಕ್ಕ ಊಟವನ್ನೂ ಸೇರಿಸಿದರು.

*ರಕ್ತದ ಸಕ್ಕರೆ ಇಳಿದಾಗ.* ಮಧುಮೇಹಿಗಳಲ್ಲಿ ರಕ್ತದ ಸಕ್ಕರೆ ಪ್ರತಿ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಅದು ಅಪಾಯದ ಸೂಚನೆ. ನಡುಕ, ತಣ್ಣನೆಯ ಬೆವರು, ಎದೆಬಡಿತ, ಕಣ್ಣು ಮಂಜಾಗುವುದು, ಮಾತು ತಡವರಿಸುವುದು ಇದರ ಲಕ್ಷಣ. ಕೂಡಲೇ 15 ಗ್ರಾಂ ಸಕ್ಕರೆ ಹೊಟ್ಟೆಗೆ ಹೋಗಬೇಕು: ಮೂರು ತುಂಬು ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಇಲ್ಲವೇ ಅರ್ಧ ಲೋಟ ಹಣ್ಣಿನ ರಸ ಕೊಡಿ. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಏರಿಲ್ಲದಿದ್ದರೆ ಮತ್ತೊಮ್ಮೆ ಅಷ್ಟೇ ಕೊಡಿ. ಸರಿಹೋದ ಮೇಲೆ ಮುಂದಿನ ಊಟಕ್ಕೆ ಇನ್ನೂ ಬಹಳ ಹೊತ್ತಿದ್ದರೆ ಒಂದು ರೊಟ್ಟಿಯನ್ನೋ ಎರಡು ತುತ್ತು ಅನ್ನವನ್ನೋ ಕೊಡಿ. ಈ ಹೊತ್ತಿನಲ್ಲಿ ಶೇಂಗಾ ಉಂಡಿ, ಪೇಢೆ, ಚಾಕೊಲೇಟ್ ಕೊಡಬೇಡಿ. ಅವುಗಳಲ್ಲಿರುವ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನ ಮಾಡುತ್ತದೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ.

*ಬಿಸಿಲಿನ ಬಳಲಿಕೆ.* ರಾಯಚೂರು, ಬಳ್ಳಾರಿಯ ಬೇಸಿಗೆ 40 ಡಿಗ್ರಿ ದಾಟುವುದು ಹೊಸದೇನಲ್ಲ. ತಲೆಸುತ್ತು, ಸ್ನಾಯು ಸೆಳೆತ, ವಾಂತಿ ಭೇದಿ ಇದ್ದಾಗ ಓಆರ್‌ಎಸ್ ಕುಡಿಯುವುದು ನಿಯಮ ಮುರಿದಂತಲ್ಲ, ಅದು ಔಷಧಿ. ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೆ ಕಲಸಬೇಕು. ಅರ್ಧ ಪುಡಿ ಒಂದು ಲೋಟಕ್ಕೆ ಎಂದು ಅಂದಾಜು ಮಾಡಬೇಡಿ. ಕಲಸಿದ್ದನ್ನು 24 ತಾಸಿನೊಳಗೆ ಮುಗಿಸಿ, ಉಳಿದರೆ ಚೆಲ್ಲಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಮಟ್ಟ ಚಹಾ ಚಮಚ ಸಕ್ಕರೆ, ಅರ್ಧ ಮಟ್ಟ ಚಹಾ ಚಮಚ ಉಪ್ಪು.

*ರಕ್ತದಾನ.* ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬಾರದು. ಊಟವಾಗಿ ನಾಲ್ಕು ತಾಸು ದಾಟಿದ್ದರೆ ಮೊದಲು ಏನಾದರೂ ತಿನ್ನಿ. ಕೊಟ್ಟ ಮೇಲೆ ಕೈಗಿಡುವ ಹಣ್ಣಿನ ರಸ, ಬಿಸ್ಕತ್ತುಗಳನ್ನು ಅಲ್ಲೇ ಕುಳಿತು ಮುಗಿಸಿ, ಹತ್ತು ಹದಿನೈದು ನಿಮಿಷ ಆದ ಮೇಲೆ ಏಳಿ. ವಿನಾಯಿತಿಗಳನ್ನು ಬರೆದಿಡುವ ನನ್ನ ಪುಸ್ತಕದಲ್ಲಿ ನಾನು ಅತ್ಯಂತ ಸಂತೋಷದಿಂದ ಬರೆದ ಸಾಲು ಇದು.

*ಮಾತ್ರೆ.* ಊಟದ ನಂತರ ನುಂಗಬೇಕಾದ ಮಾತ್ರೆಗಳನ್ನು ಮೂರು ಊಟಕ್ಕೆ ಹೊಂದಿಸಬಹುದೇ ಎಂದು ವೈದ್ಯರನ್ನು ಕೇಳಿ, ಹೆಚ್ಚಿನವನ್ನು ಹೊಂದಿಸಿಕೊಡುತ್ತಾರೆ. ಹೊಂದದಿದ್ದರೆ ಮಾತ್ರೆಗೆ ಬೇಕಾದಷ್ಟು ತಿನ್ನಿ, ಅಷ್ಟೇ.

ಹಂತ 5: ಮನುಷ್ಯರು ಕೊಟ್ಟಾಗ

ಬೇಡವೆಂದರೆ ಕೊಟ್ಟವರ ಮುಖ ಸಣ್ಣದಾಗುತ್ತದೆ. ಊಟದ ಪದ್ಧತಿಗಾಗಿ ಮನುಷ್ಯರನ್ನು ನೋಯಿಸುವುದು ನನಗೆ ಒಪ್ಪಿಗೆಯಿಲ್ಲ. ಹಾಗೆಂದು ಕೊಟ್ಟಲ್ಲೆಲ್ಲ ತಿಂದರೆ ಪದ್ಧತಿ ಉಳಿಯುವುದಿಲ್ಲ. ನಾನು ಕಂಡುಕೊಂಡ ದಾರಿ ಮೂರು: ಕಟ್ಟಿಸಿಕೊಳ್ಳುವುದು, ಊಟಕ್ಕೆ ಸೇರಿಸುವುದು, ಅಲ್ಲೇ ತಿನ್ನುವುದು. ಈ ಕ್ರಮದಲ್ಲೇ ಪ್ರಯತ್ನಿಸಿ.

ನನ್ನ ಚೀಲದಲ್ಲಿ ಅಂಗೈಯಗಲದ ಸ್ಟೀಲ್ ಡಬ್ಬಿ ಯಾವಾಗಲೂ ಇರುತ್ತದೆ. ಶಿಕ್ಷಕರ ಕೊಠಡಿಯಲ್ಲಿ ಯಾರದೋ ಮಗಳ ಫಲಿತಾಂಶದ ಪೇಢೆ ಬಂದರೆ ಎರಡೂ ಕೈಯಲ್ಲಿ ತೆಗೆದುಕೊಂಡು, "ಮನೆಗೆ ಒಯ್ಯುತ್ತೇನೆ, ರಾತ್ರಿ ಊಟದಲ್ಲಿ ಎಲ್ಲರೂ ಹಂಚಿಕೊಂಡು ತಿನ್ನುತ್ತೇವೆ" ಎನ್ನುತ್ತೇನೆ. "ಈಗಷ್ಟೇ ಊಟವಾಯಿತು" ಎಂದು ಸುಳ್ಳು ಹೇಳುವುದಕ್ಕಿಂತ ಇದು ಎಷ್ಟೋ ಮೇಲು, ಏಕೆಂದರೆ ಇದು ನಿಜ. ಕೊಟ್ಟವರಿಗೂ ಒಂದರ ಬದಲು ಎರಡು ಪೇಢೆ ಇಡುವ ಖುಷಿ. ಗುಡಿಯ ಪ್ರಸಾದವೂ ಹೀಗೆಯೇ. ಹುಲಿಗೆಮ್ಮನ ಗುಡಿಯಲ್ಲಿ ಕೊಟ್ಟ ಪ್ರಸಾದವನ್ನು ಕಣ್ಣಿಗೊತ್ತಿಕೊಂಡು, ಒಂದು ಕಾಳಿನಷ್ಟನ್ನು ನಾಲಿಗೆಗೆ ಇಟ್ಟು, ಉಳಿದದ್ದನ್ನು ಮನೆಗೆ ತರುತ್ತೇನೆ. ಆ ಒಂದು ಕಾಳನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

*ಜಾತ್ರೆ.* ಗವಿಸಿದ್ಧೇಶ್ವರ ಮಠದ ಜಾತ್ರೆಯ ದಿನಗಳಲ್ಲಿ ಕೊಪ್ಪಳದಲ್ಲಿ ಇರುವವರು ಈ ಪರೀಕ್ಷೆಯನ್ನು ಎದುರಿಸಲೇಬೇಕು. ಹಳ್ಳಿಹಳ್ಳಿಗಳಿಂದ ಟ್ರ್ಯಾಕ್ಟರ್, ಚಕ್ಕಡಿಗಳಲ್ಲಿ ಜೋಳದ ರೊಟ್ಟಿ ಬರುತ್ತದೆ, ಮಾದಲಿ ಎಂಬ ಸಿಹಿ ಬರುತ್ತದೆ, ಮಹಾದಾಸೋಹದಲ್ಲಿ ಲಕ್ಷಗಟ್ಟಲೆ ಮಿರ್ಚಿ ಕರಿಯುತ್ತಾರೆ. ಸಾಲು ಹಚ್ಚಿದ ಒಲೆಗಳ ಮುಂದೆ ನಿಂತರೆ ಕಡಲೆಹಿಟ್ಟಿನಲ್ಲಿ ಅದ್ದಿದ ಉದ್ದ ಮೆಣಸಿನಕಾಯಿ ಎಣ್ಣೆಗೆ ಬಿದ್ದ ಸದ್ದು ಮಳೆ ಸುರಿದಂತೆ ಕೇಳುತ್ತದೆ. ದೊಡ್ಡ ಜಾಲರಿ ಸೌಟಿನಲ್ಲಿ ಒಮ್ಮೆಗೆ ನೂರಾರು ಮೇಲೆದ್ದು ಬರುತ್ತವೆ. ಅದನ್ನು ಬೇಡವೆನ್ನಲು ನನ್ನಿಂದಾಗದು, ಬೇಡವೆನ್ನಬೇಕಾಗಿಯೂ ಇಲ್ಲ. ದಾಸೋಹ ಎಂದರೆ ಪೂರ್ತಿ ಊಟ. ಹೋಗುವ ಹೊತ್ತನ್ನು ಊಟದ ಹೊತ್ತಿಗೆ ಸರಿಯಾಗಿ ಇಟ್ಟುಕೊಂಡರೆ ವಿನಾಯಿತಿಯ ಪ್ರಶ್ನೆಯೇ ಏಳದು. ಮೊದಲ ವರ್ಷ ಮನೆಯಲ್ಲಿ ಉಂಡು ಮೂರು ಗಂಟೆಗೆ ಹೋಗಿದ್ದೆ. ಈಗ ಹನ್ನೆರಡೂವರೆಗೆ ಹೋಗಿ ಪಂಕ್ತಿಯಲ್ಲಿ ಕೂರುತ್ತೇನೆ. ರೊಟ್ಟಿ, ಪಲ್ಯ, ಮಾದಲಿ, ಎರಡು ಮಿರ್ಚಿ. ಆಮೇಲೆ ಜಾತ್ರೆಯ ಅಂಗಡಿಗಳ ನಡುವೆ ಎಷ್ಟು ತಿರುಗಿದರೂ ಬಾಯಿ ಏನನ್ನೂ ಕೇಳುವುದಿಲ್ಲ.

*ಪಂಚಮಿಯ ಉಂಡಿ.* ಇದು ನನಗೆ ಜಾತ್ರೆಗಿಂತ ಕಷ್ಟದ್ದು. ಶೇಂಗಾ ಉಂಡಿ, ಎಳ್ಳುಂಡಿ, ಬೇಸನ್ ಉಂಡಿ, ತಂಬಿಟ್ಟು. ನೆರೆಯವರು ತಟ್ಟೆ ತುಂಬ ತಂದು ಕೊಡುತ್ತಾರೆ, ನಮ್ಮ ತಟ್ಟೆಯೂ ಅವರ ಮನೆಗೆ ಹೋಗುತ್ತದೆ. ಹಬ್ಬ ಒಂದು ದಿನ, ಡಬ್ಬ ಹದಿನೈದು ದಿನ. ಹಬ್ಬದ ದಿನ ತಿಂದದ್ದು ವಿನಾಯಿತಿ. ಡಬ್ಬದಿಂದ ಹೋಗುತ್ತ ಬರುತ್ತ ತಿಂದದ್ದು ವಿನಾಯಿತಿಯಾಗದು. ನಾನು ಹೀಗೆ ಮಾಡುತ್ತೇನೆ: ಪಂಚಮಿಯ ದಿನ ಯಾರು ಬಂದರೂ ಅವರ ಜೊತೆ ಕುಳಿತು ಉಂಡಿ ಮುರಿಯುತ್ತೇನೆ, ಅಣ್ಣ ಬಂದಾಗಲಂತೂ ಎರಡು. ಮರುದಿನದಿಂದ ಉಂಡಿ ಊಟದ ತಟ್ಟೆಗೆ ಬರುತ್ತದೆ, ಮಧ್ಯಾಹ್ನದ ಊಟದ ಕೊನೆಯ ತುತ್ತಾಗಿ ಒಂದು. ಡಬ್ಬವನ್ನು ಕಟ್ಟೆಯ ಮೇಲಿಂದ ಎತ್ತಿ ಕೋಣೆಯ ಮೇಲಿನ ಅಟ್ಟದಲ್ಲಿ ಇಡುತ್ತೇನೆ. ಏಣಿ ಹಾಕಿ ಇಳಿಸಬೇಕಾದ ಉಂಡಿಯನ್ನು ಯಾರೂ ಸುಮ್ಮನೆ ತಿನ್ನುವುದಿಲ್ಲ. ಮೊಹರಂ ದಿನಗಳಲ್ಲಿ ಮುದಗಲ್ಲಿನ ಗೆಳತಿ ಕಳಿಸುವ ಚೊಂಗೆ ಎಂಬ ಸಿಹಿತಿಂಡಿಗೂ ಇದೇ ಜಾಗ.

ಸಿಹಿಯನ್ನು ಊಟದ ಜೊತೆಗೇ ಮುಗಿಸಲು ಇನ್ನೊಂದು ಕಾರಣವೂ ಇದೆ, ಅದು ಹಲ್ಲಿನದು. ಬಾಯಿಗೆ ಸಕ್ಕರೆ ಬಿದ್ದಾಗಲೆಲ್ಲ ಅಲ್ಲಿನ ಬ್ಯಾಕ್ಟೀರಿಯಾ ಆಮ್ಲ ಹುಟ್ಟಿಸುತ್ತವೆ, ಅದು ಅರ್ಧ ತಾಸಿನವರೆಗೂ ಹಲ್ಲಿನ ಹೊದಿಕೆಯನ್ನು ಕೊರೆಯುತ್ತದೆ. ಎರಡು ಉಂಡಿಯನ್ನು ಒಮ್ಮೆಗೆ ತಿಂದರೆ ಆಮ್ಲದ ದಾಳಿ ಒಂದೇ ಸಲ. ಅದೇ ಎರಡು ಉಂಡಿಯನ್ನು ಚೂರು ಚೂರಾಗಿ ಸಂಜೆಯವರೆಗೆ ತಿಂದರೆ ಹತ್ತು ಸಲ.

*ರುಚಿ ನೋಡುವುದು.* ಅಡುಗೆ ಮಾಡುವವರು ಉಪ್ಪು ನೋಡಲು ಅರ್ಧ ಚಮಚ ಸಾರು ಅಂಗೈಗೆ ಹಾಕಿಕೊಂಡರೆ ತೊಂದರೆಯಿಲ್ಲ. ಕರಿದದ್ದನ್ನು "ಬೆಂದಿದೆಯೇ" ಎಂದು ನೋಡುವಾಗ ಮಾತ್ರ ಎಚ್ಚರ. ನೈವೇದ್ಯದ ಅಡುಗೆಯನ್ನು ರುಚಿ ನೋಡದೆಯೇ ಮಾಡುತ್ತಿದ್ದ ನಮ್ಮ ಅವ್ವಂದಿರಿಗೆ ಉಪ್ಪಿನ ಅಳತೆ ಬೆರಳಿಗೇ ಗೊತ್ತಿತ್ತು. ಹಬ್ಬದ ದಿನ ನಾನೂ ಅದನ್ನೇ ರೂಢಿ ಮಾಡಿಕೊಂಡಿದ್ದೇನೆ.

*ಸಾವಿನ ಮನೆ.* ಕಳೆದ ವರ್ಷ ಗೆಳತಿಯೊಬ್ಬಳ ತಾಯಿ ತೀರಿಕೊಂಡರು. ಮಣ್ಣು ಮುಗಿಸಿ ಎಲ್ಲರೂ ಮರಳಿದಾಗ ಮಧ್ಯಾಹ್ನ ನಾಲ್ಕಾಗಿತ್ತು. ನೆಂಟರು ತಂದ ಬುತ್ತಿ ಗಂಟು ಬಿಚ್ಚಿದ್ದು ಹಾಗೆಯೇ ಪಡಸಾಲೆಯಲ್ಲಿತ್ತು; ರೊಟ್ಟಿ, ಹೆಸರುಕಾಳಿನ ಪಲ್ಯ, ಮೊಸರು. ಬೆಳಗಿನಿಂದ ಅವಳು ನೀರನ್ನೂ ಮುಟ್ಟಿರಲಿಲ್ಲ. ಅವಳ ಅತ್ತೆ ಹೇಳಿದರು, ಚಿಕ್ಕಪ್ಪ ಹೇಳಿದರು, ಅವಳು ಗೋಡೆಗೆ ಒರಗಿ ಕುಳಿತೇ ಇದ್ದಳು. ನಾನು ಪಕ್ಕದಲ್ಲಿ ಕುಳಿತು ಒಂದು ರೊಟ್ಟಿ ಮುರಿದೆ, ಪಲ್ಯ ಹಚ್ಚಿ ಮೊದಲ ತುತ್ತು ನಾನು ಉಂಡೆ, ಎರಡನೆಯದನ್ನು ಅವಳ ಬಾಯಿಯ ಹತ್ತಿರ ಹಿಡಿದೆ. ಬಾಯಿ ತೆರೆದಳು. ಹಾಗೆ ನಾನೊಂದು ಅವಳೊಂದು ಎಂದು ಎರಡು ರೊಟ್ಟಿ ಮುಗಿದವು. ಮನೆಯಲ್ಲಿ ನನ್ನ ಊಟ ಒಂದು ಗಂಟೆಗೇ ಆಗಿತ್ತು. ಇಂಥಲ್ಲಿ ಡಬ್ಬಿ ತೆಗೆಯಬೇಡಿ, ಹೊತ್ತು ನೋಡಬೇಡಿ, ಜೊತೆಗೆ ಉಣ್ಣಿ.

ಹಂತ 6: ಹೊತ್ತು ಜಾರಿದಾಗ

ಇಲ್ಲಿ ನೆನಪಿಡಬೇಕಾದದ್ದು ಇಷ್ಟೇ: ಊಟ ಎರಡು ತಾಸಿನವರೆಗೆ ತಡವಾದರೆ ಕಾಯಿರಿ. ಅದಕ್ಕಿಂತ ಹೆಚ್ಚಾಗುವಂತಿದ್ದರೆ ಊಟವನ್ನೇ ಈಗ ಮುಗಿಸಿ. ಕಾಯುತ್ತ ಕಾಯುತ್ತ ಚೂರುಪಾರು ತಿನ್ನುವುದು ಎರಡರಲ್ಲಿ ಯಾವುದೂ ಅಲ್ಲ, ಆಮೇಲಿನ ಊಟವನ್ನೂ ಕೆಡಿಸುತ್ತದೆ.

ಒಮ್ಮೆ ಬಳ್ಳಾರಿಯಿಂದ ಮರಳುವಾಗ ನಾನಿದ್ದ ರೈಲು ಮುನಿರಾಬಾದಿಗೆ ಮುನ್ನ ನಿಂತುಬಿಟ್ಟಿತು. ರಾತ್ರಿ ಎಂಟಾಯಿತು, ಒಂಬತ್ತಾಯಿತು. ಬೋಗಿಯೊಳಗೆ ಮಾರಲು ಬಂದದ್ದು ಶೇಂಗಾ, ಬಾಳೆಹಣ್ಣು, ಚುರುಮುರಿ. ನಾನು ಚೀಲದಿಂದ ಪತ್ರಿಕೆ ತೆಗೆದು ತೊಡೆಯ ಮೇಲೆ ಹಾಸಿ, ಎರಡು ಬಾಳೆಹಣ್ಣು, ಒಂದು ಪೊಟ್ಟಣ ಹುರಿದ ಶೇಂಗಾ ಇಟ್ಟುಕೊಂಡು ಇದು ರಾತ್ರಿಯ ಊಟ ಎಂದು ಮನಸ್ಸಿಗೆ ಹೇಳಿ ಉಂಡೆ. ಮನೆಗೆ ಹೋದಾಗ ಹನ್ನೊಂದೂವರೆ. ಮಗ ಅನ್ನ ಬಿಸಿ ಮಾಡಲೇ ಎಂದ, ಊಟವಾಗಿದೆ ಎಂದೆ. ಅಲ್ಲಿಂದೀಚೆಗೆ ಪ್ರಯಾಣದಲ್ಲಿ ನಾಲ್ಕು ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಬಿಟ್ಟು ಹೊರಡುವುದಿಲ್ಲ. ಖಡಕ್ ರೊಟ್ಟಿ ವಾರವಾದರೂ ಕೆಡುವುದಿಲ್ಲ.

ಮದುವೆ ಮನೆಯಲ್ಲಿ ಮುಹೂರ್ತ ತಡವಾಗಿ ಊಟ ಮೂರೂವರೆಗೆ ಬೀಳುವುದು ಮೊದಲೇ ಗೊತ್ತಿರುತ್ತದೆ. ಅಂದು ಬೆಳಗಿನ ಉಪಾಹಾರವನ್ನು ಹತ್ತಕ್ಕೆ ಸರಿಸಿ, ರಾತ್ರಿ ಊಟವನ್ನು ಒಂಬತ್ತೂವರೆಗೆ ಇಟ್ಟು ಹಗುರವಾಗಿ ಮಾಡಿ. ರಂಜಾನ್ ತಿಂಗಳಲ್ಲಿ ಇಫ್ತಾರ್‌ಗೆ ಕರೆದರೆ ಸೂರ್ಯಾಸ್ತದ ಆ ಹೊತ್ತೇ ನಿಮ್ಮ ರಾತ್ರಿಯ ಊಟ. ಖರ್ಜೂರ ಮಾತ್ರ ತಿಂದು ಮನೆಯಲ್ಲಿ ಉಣ್ಣುತ್ತೇನೆ ಎನ್ನುವುದಕ್ಕಿಂತ ದಿನವಿಡೀ ಉಪವಾಸವಿದ್ದವರ ಪಕ್ಕದಲ್ಲಿ ಕುಳಿತು ಹೊಟ್ಟೆ ತುಂಬ ಉಣ್ಣುವುದು ಮರ್ಯಾದೆ. ಶಿವರಾತ್ರಿಯ ಫಲಾಹಾರವನ್ನೂ ಊಟದ ಹೊತ್ತಿಗೇ ತಟ್ಟೆಯಲ್ಲಿ ಇಟ್ಟುಕೊಳ್ಳಿ.

ರಾತ್ರಿ ಪಾಳಿಯವರ ಪ್ರಶ್ನೆ ಬೇರೆ. ತೋರಣಗಲ್ಲು, ಗಿಣಿಗೇರಾದ ಕಾರ್ಖಾನೆಗಳಲ್ಲಿ, ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ, ಹಟ್ಟಿಯ ಚಿನ್ನದ ಗಣಿಯಲ್ಲಿ ದುಡಿಯುವ ಎಷ್ಟೋ ಜನರಿಗೆ ರಾತ್ರಿಯೇ ಹಗಲು. ನನ್ನ ಭಾವ ಹತ್ತರಿಂದ ಆರರ ಪಾಳಿಯಲ್ಲಿರುವಾಗ ಚಹಾದ ಜೊತೆ ನಾಲ್ಕು ಸಲ ಏನಾದರೂ ತಿನ್ನುತ್ತಿದ್ದರು. ಈಗ ಒಂಬತ್ತಕ್ಕೆ ಮನೆಯಲ್ಲಿ ಊಟ, ಎರಡು ಗಂಟೆಗೆ ಬುತ್ತಿಯಿಂದ ಎರಡು ರೊಟ್ಟಿ ಮತ್ತು ಕಾಳುಪಲ್ಯ, ಬೆಳಿಗ್ಗೆ ಏಳೂವರೆಗೆ ಉಪಾಹಾರ ಮಾಡಿ ಮಲಗುತ್ತಾರೆ. ಎದ್ದಿರುವ ಹೊತ್ತಿಗೆ ಮೂರು ಊಟ ಎಂಬ ಲೆಕ್ಕ. ಪಾಳಿ ಬದಲಾಗುವ ದಿನ ಮಾತ್ರ ನಾಲ್ಕಾಗುತ್ತದೆ, ಆಗಲಿ.

ಗಂಗಾವತಿ, ಸಿಂಧನೂರಿನ ಗದ್ದೆಗಳಲ್ಲಿ ನಾಟಿ ಮಾಡುವ, ಬಳ್ಳಾರಿಯ ಕಡೆ ಮೆಣಸಿನಕಾಯಿ ಬಿಡಿಸುವ ಹೆಣ್ಣುಮಕ್ಕಳಿಗೆ ಮೂರು ಊಟ ಸಾಲದು. ಬೆಳಗಾಗುವ ಮುನ್ನ ಹೊರಟು ಹತ್ತಕ್ಕೆ ಒಮ್ಮೆ, ಎರಡಕ್ಕೆ ಒಮ್ಮೆ ಬುತ್ತಿ ಬಿಚ್ಚುವ ಅವರ ಕ್ರಮ ದುಡಿಮೆಗೆ ತಕ್ಕುದು. ಅಂಥವರು ನಾಲ್ಕು ಹೊತ್ತನ್ನೇ ನಿಯಮ ಎಂದು ಬರೆದುಕೊಳ್ಳಲಿ.

ಹಂತ 7: ವಿನಾಯಿತಿಯನ್ನು ತಿನ್ನುವ ರೀತಿ

ತಿನ್ನಲೇಬೇಕೆಂದು ತೀರ್ಮಾನಿಸಿದ ಮೇಲೆ ಮನಸ್ಸಿಟ್ಟು ತಿನ್ನಿ. ಕುಳಿತುಕೊಳ್ಳಿ. ತಟ್ಟೆಯಲ್ಲೋ ಎಲೆಯಲ್ಲೋ ಎಷ್ಟು ಬೇಕೋ ಅಷ್ಟು ಒಮ್ಮೆಗೇ ಹಾಕಿಸಿಕೊಳ್ಳಿ. ಪೊಟ್ಟಣದಿಂದ ನೇರವಾಗಿ ಬಾಯಿಗೆ ಹಾಕಿಕೊಂಡರೆ ಕೊನೆ ಯಾವುದೆಂದು ಕೈಗೆ ತಿಳಿಯುವುದಿಲ್ಲ. ಮೊಬೈಲ್ ಪಕ್ಕಕ್ಕಿಡಿ. ಮುಗಿದ ಮೇಲೆ ಬಾಯಿ ಮುಕ್ಕಳಿಸಿ. ನೀರು ಮುಕ್ಕಳಿಸುವುದು ಚಿಕ್ಕ ಕೆಲಸ, ಆದರೆ ಬಾಗಿಲು ಹಾಕಿದಂತೆ ಆಗುತ್ತದೆ.

ಇನ್ನು ಮುಖ್ಯವಾದದ್ದು: ಮುಂದಿನ ಊಟವನ್ನು ಬಿಡಬೇಡಿ. ಐದಕ್ಕೆ ತಿಂದೆ, ಆದ್ದರಿಂದ ರಾತ್ರಿ ಊಟ ಬೇಡ ಎಂದು ಮಲಗಿದವರು ಹತ್ತೂವರೆಗೆ ಎದ್ದು ಅಡುಗೆಮನೆಯ ದೀಪ ಹಾಕುತ್ತಾರೆ. ನಾನು ಎರಡು ಸಲ ಹೀಗೆ ಮಾಡಿ, ಎರಡೂ ಸಲ ಮರುದಿನದ ಕ್ರಮವನ್ನೂ ಕಳೆದುಕೊಂಡೆ. ಊಟ ತನ್ನ ಹೊತ್ತಿಗೆ ಬರಲಿ. ಹಸಿವು ಕಡಿಮೆಯಿದ್ದರೆ ಒಂದು ರೊಟ್ಟಿ, ಮಜ್ಜಿಗೆ ಸಾಕು, ಆದರೆ ತಟ್ಟೆ ಇಡಲೇಬೇಕು.

ಹಂತ 8: ಒಂದು ಸಾಲು ಬರೆಯಿರಿ, ತಿಂಗಳಿಗೊಮ್ಮೆ ಓದಿ

ದಿನಾಂಕ, ಏನು, ಎಲ್ಲಿ, ಹಂತ 3ರ ಮೂರು ಪ್ರಶ್ನೆಗಳಲ್ಲಿ ಯಾವ ಬಗೆ. ಇಷ್ಟೇ ಸಾಕು. ತೂಕ, ಕ್ಯಾಲರಿ, ಪಶ್ಚಾತ್ತಾಪ ಯಾವುದನ್ನೂ ಬರೆಯಬೇಡಿ. ತಿಂಗಳ ಕೊನೆಗೆ ಓದುವಾಗ ಒಂದೇ ಕಾರಣ ಮೂರು ಸಲ ಕಂಡರೆ ಅದು ಇನ್ನು ವಿನಾಯಿತಿಯಲ್ಲ, ರೂಢಿ. ಅದಕ್ಕೆ ಎರಡೇ ಪರಿಹಾರ. ಅಗತ್ಯವಿದ್ದರೆ ನಿಯಮದೊಳಗೇ ಸೇರಿಸಿ, ಅಗತ್ಯವಿಲ್ಲದಿದ್ದರೆ ಬೇರು ಹುಡುಕಿ. ಹೋದ ವರ್ಷ ನನ್ನ ಪುಸ್ತಕದಲ್ಲಿ ಶನಿವಾರಗಳಂದೇ ನಾಲ್ಕು ಸಾಲು ಬಿದ್ದಿದ್ದವು. ನೋಡಿದರೆ ಶನಿವಾರ ಶಾಲೆ ಬೆಳಗಿನದು, ಏಳಕ್ಕೇ ಗಡಿಬಿಡಿಯಲ್ಲಿ ಅರ್ಧ ತಟ್ಟೆ ಒಗ್ಗರಣೆ ತಿಂದು ಓಡುತ್ತಿದ್ದೆ, ಹನ್ನೊಂದಕ್ಕೆ ಹೊಟ್ಟೆ ಖಾಲಿ. ಈಗ ಶನಿವಾರ ಬೆಳಿಗ್ಗೆ ರೊಟ್ಟಿ, ಕಾಳು, ಮೊಸರು ಉಂಡು ಹೋಗುತ್ತೇನೆ, ಹನ್ನೆರಡೂವರೆಗೆ ಮನೆಗೆ ಬಂದು ಊಟ. ಆ ಸಾಲುಗಳು ತಾವಾಗಿ ನಿಂತವು.

ಮುಂದೆ ಬರುವುದು ಗೊತ್ತಿರುವ ದಿನಗಳನ್ನು ನಾನು ಮೊದಲೇ ಬರೆದಿಡುತ್ತೇನೆ. ಎಳ್ಳು ಅಮಾವಾಸ್ಯೆಗೆ ತವರಿನ ಹೊಲ, ಚರಗ (ಹೊಲಕ್ಕೆ ಅರ್ಪಿಸುವ ಎಡೆ) ಚೆಲ್ಲಿದ ಮೇಲೆ ಬನ್ನಿ ಮರದ ಕೆಳಗೆ ಊಟ, ಹೊತ್ತು ಎರಡೂವರೆ ಆಗಬಹುದು, ಬೆಳಗಿನ ರೊಟ್ಟಿ ಗಟ್ಟಿಯಾಗಿರಲಿ. ಅದರ ಕೆಳಗಿನ ಸಾಲು ಜಾತ್ರೆಯದು: ಮಧ್ಯಾಹ್ನ ಹನ್ನೆರಡೂವರೆ, ಮಠದ ಪಂಕ್ತಿ, ಮಿರ್ಚಿ ಎರಡು.